ನಿಮಗಿದು ಗೊತ್ತೇ? ಮನೆಗಿಂತ ಮೊದಲು ಗುಂಡಿಗೆ ಪರೀಕ್ಷೆ!

ಅಮೆರಿಕದ ಹಳ್ಳಿಗಾಡಿನಲ್ಲಿ ನೀವೊಂದು ಮನೆ ಕಟ್ಟಬೇಕು ಅಂದುಕೊಳ್ಳಿ. ದುಡ್ಡಿದೆ, ಜಾಗವಿದೆ, ನಕ್ಷೆಯೂ ಕೈಯಲ್ಲಿದೆ. ಮೊದಲ ಕೆಲಸ ಏನು ಗೊತ್ತೇ? ನೆಲದಲ್ಲೊಂದು ಗುಂಡಿ ತೋಡಬೇಕು. ಅದಕ್ಕೆ ನೀರು ಸುರಿಯಬೇಕು. ಆಮೇಲೆ ಗಡಿಯಾರ ಹಿಡಿದು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂರಬೇಕು!

ತಮಾಷೆಯಲ್ಲ, ಇದಕ್ಕೆ ‘ಪರ್ಕ್ ಟೆಸ್ಟ್’ ಅಂತಲೇ ಹೆಸರಿದೆ. ಗುಂಡಿಯ ತಳಕ್ಕೆ ಒಂದಿಷ್ಟು ಜಲ್ಲಿ ಹಾಕುತ್ತಾರೆ. ಮೊದಲು ನೀರು ಕುಡಿಸಿ ಮಣ್ಣನ್ನು ಚೆನ್ನಾಗಿ ನೆನೆಸುತ್ತಾರೆ. ಆಮೇಲೆ ಮತ್ತೆ ನೀರು ತುಂಬಿ, ಅಳತೆಪಟ್ಟಿ ಇಳಿಬಿಟ್ಟು, ಒಂದು ಅಂಗುಲ ನೀರು ಇಳಿಯಲು ಎಷ್ಟು ನಿಮಿಷ ಬೇಕಾಯಿತು ಅಂತ ಬರೆದುಕೊಳ್ಳುತ್ತಾರೆ. ನೀರು ತೀರಾ ನಿಧಾನವಾಗಿ ಇಂಗಿತೋ, ಫೇಲು. ತೀರಾ ಬೇಗ ಇಂಗಿತೋ, ಆಗಲೂ ಫೇಲು!

ಕಾರಣ ಸರಳ. ಹಳ್ಳಿಗಾಡಿನಲ್ಲಿ ಒಳಚರಂಡಿ ಇಲ್ಲ. ಸೆಪ್ಟಿಕ್ ಟ್ಯಾಂಕಿನಿಂದ ಬಂದ ನೀರು ನಿಮ್ಮ ಜಮೀನಿನಲ್ಲೇ ಇಂಗಬೇಕು. ನಿಧಾನವಾದರೆ ಕೊಳಚೆ ಮೇಲೆ ಉಕ್ಕುತ್ತದೆ. ಬೇಗವಾದರೆ ಸೋಸಿಕೊಳ್ಳದೆ ನೇರ ಬಾವಿಯ ನೀರಿಗೇ ಸೇರುತ್ತದೆ. ಇಡೀ ಅಮೆರಿಕದ ಐದು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳು ಇಂದಿಗೂ ಇಂಥ ಟ್ಯಾಂಕನ್ನೇ ನಂಬಿವೆ. ಗಗನಚುಂಬಿಗಳ ದೇಶ ಅಂತ ನಾವು ಬೆರಗಾಗುವ ದೇಶವಿದು!

ಕ್ಯಾಲಿಫೋರ್ನಿಯಾದ ಕೆಲವು ಕೌಂಟಿಗಳಲ್ಲಿ ಇನ್ನೂ ಒಂದು ಮಜಾ ಇದೆ. ಕೆಲವು ಬಗೆಯ ನೆಲವಾದರೆ ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಬೇಕು. ಬೇಸಿಗೆಯ ಒಣ ಮಣ್ಣು ಎಷ್ಟು ಕೊಟ್ಟರೂ ಕುಡಿಯುತ್ತದೆ, ಅದರ ಮಾತು ನಂಬುವಂತಿಲ್ಲ. ಆ ವರ್ಷ ಮಳೆ ಕೈಕೊಟ್ಟರೆ? ಮುಂದಿನ ಮಳೆಗಾಲದವರೆಗೂ ಕಾಯಿರಿ!

ಸೆಪ್ಟಿಕ್ ಟ್ಯಾಂಕ್ ಎಷ್ಟು ದೊಡ್ಡದಿರಬೇಕು? ಮನೆಯಲ್ಲಿ ಎಷ್ಟು ಜನ ಅಂತ ಯಾರೂ ಕೇಳುವುದಿಲ್ಲ. ಎಷ್ಟು ಬಚ್ಚಲು, ಎಷ್ಟು ಕಕ್ಕಸು ಅಂತಲೂ ಅಲ್ಲ. ಅಲ್ಲಿ ಸಾಮಾನ್ಯವಾಗಿ ಎಣಿಸುವುದು ಮಲಗುವ ಕೋಣೆಗಳನ್ನು! ಮೂರು ಕೋಣೆಯ ಮನೆಗೆ ಬಹಳ ಕಡೆ 1,000 ಗ್ಯಾಲನ್, ಅಂದರೆ ಸುಮಾರು 3,785 ಲೀಟರಿನ ಟ್ಯಾಂಕು. ಬ್ರಹ್ಮಚಾರಿಯೊಬ್ಬನೇ ಇದ್ದರೂ ಅಷ್ಟೇ, ಹತ್ತು ಮಕ್ಕಳ ಸಂಸಾರವಿದ್ದರೂ ಅಷ್ಟೇ.

ಹೀಗಿದ್ದ ಮೇಲೆ ಜಾಣರು ಸುಮ್ಮನಿರುತ್ತಾರೆಯೇ? ನಕ್ಷೆಯಲ್ಲಿ ನಾಲ್ಕನೇ ಮಲಗುವ ಕೋಣೆ ಇದ್ದಕ್ಕಿದ್ದಂತೆ ‘ಹೊಲಿಗೆ ಕೋಣೆ’ಯಾಗುತ್ತದೆ, ‘ಓದುವ ಕೋಣೆ’ಯಾಗುತ್ತದೆ. ಕಚೇರಿಯವರೂ ಕಮ್ಮಿಯಿಲ್ಲ. ಬಾಗಿಲಿದೆಯೇ, ಕಿಟಕಿಯಿದೆಯೇ, ಗೋಡೆಯೊಳಗೆ ಬಟ್ಟೆ ಬೀರು ಇದೆಯೇ ಅಂತ ನೋಡುತ್ತಾರೆ. ಇದ್ದರೆ ಅದು ಮಲಗುವ ಕೋಣೆಯೇ, ನೀವು ಅಲ್ಲಿ ಹೊಲಿಗೆ ಯಂತ್ರ ಇಡಿ, ವೀಣೆ ಇಡಿ!

ಅಂದಹಾಗೆ ಈ ‘ಕೌಂಟಿ’ ಅಂದರೇನು? ನಮ್ಮ ಜಿಲ್ಲೆ ಇದ್ದಹಾಗೆ ಅನ್ನಿ. ಪಟ್ಟಣಗಳ ಗಡಿ ದಾಟಿದ ಮೇಲೆ ಬರುವ ಹೊಲ, ಕಾಡು, ಮರುಭೂಮಿಗಳಲ್ಲಿ ಮನೆ ಕಟ್ಟುವವರಿಗೆ ಬಹಳ ರಾಜ್ಯಗಳಲ್ಲಿ ಕೌಂಟಿ ಕಚೇರಿಯೇ ಗತಿ. ಅಮೆರಿಕದಲ್ಲಿ ಇಂಥ ಕೌಂಟಿಗಳು 3,000ಕ್ಕೂ ಹೆಚ್ಚು. ಟೆಕ್ಸಾಸ್ ಒಂದರಲ್ಲೇ 254. ಡೆಲಾವೇರ್ ರಾಜ್ಯದಲ್ಲಿ? ಬರೀ 3!

ಟೆಕ್ಸಾಸಿನ ಲವಿಂಗ್ ಕೌಂಟಿಯ ಕಥೆ ಕೇಳಿ. ಸುಮಾರು 1,750 ಚದರ ಕಿಲೋಮೀಟರ್ ವಿಸ್ತಾರ, ಹಿಂದಿದ್ದ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯ ಎರಡು ಪಟ್ಟಿಗೂ ಹೆಚ್ಚು. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕವರು ಎಷ್ಟು ಜನ ಗೊತ್ತೇ? 64! ನಮ್ಮ ಒಂದು ಸಿಟಿ ಬಸ್ಸಿನಲ್ಲಿ ಇಡೀ ಕೌಂಟಿಯನ್ನು ತುಂಬಿಸಿ, ‘ಒಳಗೆ ಹೋಗ್ರಿ, ಒಳಗೆ ಹೋಗ್ರಿ’ ಅನ್ನಬಹುದು.

ಇನ್ನೊಂದು ತುದಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಕೌಂಟಿ. ವಿಸ್ತೀರ್ಣ ಸುಮಾರು 52,000 ಚದರ ಕಿಲೋಮೀಟರ್. ಇಡೀ ಕೇರಳವನ್ನು ಅದರೊಳಗಿಟ್ಟು, ಪಕ್ಕದಲ್ಲಿ ಮೂರು ಕೊಡಗುಗಳನ್ನು ಜೋಡಿಸಿದರೂ ಇನ್ನೂ ಜಾಗ ಉಳಿಯುತ್ತದೆ!

ಕನೆಕ್ಟಿಕಟ್ ರಾಜ್ಯದ ನಕ್ಷೆಯಲ್ಲಿ ಹಳೆಯ ಕೌಂಟಿಗಳ ಗೆರೆಗಳಿವೆ, ಹೆಸರುಗಳಿವೆ. ಕೌಂಟಿ ಸರ್ಕಾರ ಮಾತ್ರ ಇಲ್ಲ. 1960ರಲ್ಲೇ ರದ್ದು ಮಾಡಿಬಿಟ್ಟರು! ಅಲ್ಲಿ ಮನೆ ಕಟ್ಟುವವರು ಆಯಾ ಊರಿನ ಕಚೇರಿಯನ್ನೇ ಕೇಳಬೇಕು.

ಇಡೀ ದೇಶಕ್ಕೆ ಒಂದೇ ಕಟ್ಟಡ ನಿಯಮ ಇರಬೇಕಲ್ಲವೇ? ಇಲ್ಲ! ಮಿಸೌರಿಯಂಥ ರಾಜ್ಯದಲ್ಲಿ ಮನೆಗಳಿಗೆ ರಾಜ್ಯಕ್ಕೆಲ್ಲ ಅನ್ವಯಿಸುವ ಒಂದು ನಿಯಮವೂ ಇಲ್ಲ, ಆಯಾ ಕೌಂಟಿ ಬಯಸಿದರೆ ಉಂಟು. ಕೌಂಟಿ ಗಡಿಯ ರಸ್ತೆಯೊಂದನ್ನು ಊಹಿಸಿಕೊಳ್ಳಿ. ಈಚೆ ಬದಿಯವನು ಕಾಗದದ ಕಟ್ಟು ಹಿಡಿದು ಓಡಾಡುತ್ತಿರುತ್ತಾನೆ. ಆಚೆ ಬದಿಯವನು ಆಗಲೇ ಸೂರು ಹೊದಿಸುತ್ತಿರುತ್ತಾನೆ!

ಅಯೋವಾದಲ್ಲಿ ಇನ್ನೂ ಸೊಗಸು. ಅಲ್ಲಿನ ಕಾನೂನು ರೈತನ ಮನೆ, ಕೊಟ್ಟಿಗೆ, ಕಣಜಗಳನ್ನು ಕೌಂಟಿಯ ವಲಯ ನಿಯಮಗಳಿಂದ ಹೊರಗಿಟ್ಟಿದೆ, ಅವು ಬೇಸಾಯಕ್ಕೆ ಬಳಕೆಯಾಗುತ್ತಿರುವವರೆಗೆ. ಒಂದೇ ಅಚ್ಚಿನ ಎರಡು ಮನೆ, ಒಬ್ಬ ರೈತ, ಒಬ್ಬ ಮೇಷ್ಟ್ರು ಅನ್ನಿ. ಮೇಷ್ಟ್ರಿಗೆ ಇರುವ ಕಟ್ಟುಪಾಡು ರೈತನಿಗಿಲ್ಲ! ಹಾಗಾದರೆ ರೈತ ಅಂದರೆ ಯಾರು? ಆ ಪ್ರಶ್ನೆ ಹಿಡಿದು ಕೋರ್ಟಿಗೆ ಹೋದವರೂ ಇದ್ದಾರೆ.

ಅರಿಜೋನಾದ ಕೊಚೀಸ್ ಕೌಂಟಿಯಲ್ಲಿ ಹಳ್ಳಿಗಾಡಿನಲ್ಲಿ 4 ಎಕರೆ ಅಥವಾ ಹೆಚ್ಚು ಜಮೀನಿದ್ದು, ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುವವನಿಗೆ ಒಂದು ವಿಶೇಷ ದಾರಿಯಿದೆ. ‘ನನ್ನ ನಕ್ಷೆ ನೋಡಬೇಡಿ, ನನ್ನ ಕಟ್ಟಡ ತಪಾಸಣೆ ಮಾಡಬೇಡಿ’ ಅಂತ ಬರೆದುಕೊಡಬಹುದು. ಪರವಾನಗಿಗೆ ಅರ್ಜಿ ಹಾಕಿ, ಪರೀಕ್ಷೆ ಬೇಡ ಅನ್ನುವ ಅರ್ಜಿ!

ಈಗ ನಮ್ಮ ಕಡೆಗೊಂದು ಸೇತುವೆ. ಒಂದು ಗುಂಟೆ ಅಂದರೆ ಎಷ್ಟು? 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಈ 33 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಹದಿನೇಳನೇ ಶತಮಾನದ ಇಂಗ್ಲೆಂಡಿನ ಎಡ್ಮಂಡ್ ಗುಂಟರ್ ಎಂಬ ಗಣಿತಜ್ಞ 66 ಅಡಿಯ ಸರಪಳಿಯನ್ನು ಸರ್ವೆಗೆ ತಂದ. ನಮ್ಮ 33 ಅಡಿ ಸರಿಯಾಗಿ ಅದರ ಅರ್ಧ!

ಅದೇ 66 ಅಡಿ ಸರಪಳಿಯನ್ನು ಹೆಗಲಿಗೇರಿಸಿಕೊಂಡು ಅಮೆರಿಕದ ಸರ್ವೆಯವರೂ ಕಾಡುಮೇಡು ಅಲೆದರು. 80 ಸರಪಳಿಗೆ ಒಂದು ಮೈಲಿ. ಹಾಗಾಗಿ ಅಲ್ಲಿನ ಎಷ್ಟೋ ಹಳ್ಳಿರಸ್ತೆಗಳಿಗೆ ಬಿಟ್ಟಿರುವ ಜಾಗದ ಅಗಲ ಇವತ್ತಿಗೂ ಸರಿಯಾಗಿ 66 ಅಡಿ. ಮಂಡ್ಯದ ಗದ್ದೆಯ ಗುಂಟೆ ಲೆಕ್ಕಕ್ಕೂ ಅಯೋವಾದ ಮುಸುಕಿನ ಜೋಳದ ಹೊಲದ ರಸ್ತೆಗೂ ಒಂದೇ ಸರಪಳಿಯ ನಂಟು!

1785ರಲ್ಲಿ ಅಮೆರಿಕದ ಸರ್ಕಾರ ಪಶ್ಚಿಮದ ನೆಲವನ್ನೆಲ್ಲ ಚೌಕ ಚೌಕವಾಗಿ ಕೊಯ್ಯಲು ಹೊರಟಿತು, ಮೈಸೂರುಪಾಕು ಕೊಯ್ದ ಹಾಗೆ. ಆರು ಮೈಲಿ ಉದ್ದಗಲದ ಒಂದು ಟೌನ್‌ಶಿಪ್, ಅದರೊಳಗೆ ಒಂದೊಂದು ಮೈಲಿಯ 36 ಚೌಕ. ಅದರಲ್ಲಿ 16ನೇ ಚೌಕ ಶಾಲೆಗೆ ಮೀಸಲು! ಊರು ಹುಟ್ಟುವ ಮೊದಲೇ ಶಾಲೆಯ ಜಾಗ ಸಿದ್ಧ.

ಆದರೆ ಭೂಮಿ ತಟ್ಟೆಯಲ್ಲವಲ್ಲ, ಚೆಂಡು. ಚೆಂಡಿನ ಮೇಲೆ ಚೌಕ ಬರೆಯುತ್ತ ಉತ್ತರಕ್ಕೆ ಹೋದರೆ ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಅದಕ್ಕೆ 24 ಮೈಲಿಗೊಮ್ಮೆ ಲೆಕ್ಕ ಸರಿಮಾಡಿದರು. ಸರಿಮಾಡಿದ ಕಡೆ ನೇರ ಓಡುವ ರಸ್ತೆ ತಟಕ್ಕನೆ ಬಲಕ್ಕೋ ಎಡಕ್ಕೋ ತಿರುಗಿ ಮತ್ತೆ ನೇರವಾಗುತ್ತದೆ. ಗುಡ್ಡವಿಲ್ಲ, ಹಳ್ಳವಿಲ್ಲ, ಆದರೂ ತಿರುವು. ಭೂಮಿ ಗುಂಡಗಿದೆ ಅನ್ನುವುದು ನಿಮ್ಮ ಸ್ಟೀರಿಂಗಿಗೇ ತಿಳಿಯುತ್ತದೆ!

ಅರ್ಜಿಯಲ್ಲಿ ಜಾಗದ ವಿವರ ಬರೆಯುವ ಪರಿಯೂ ಹಾಗೆಯೇ. ‘14ನೇ ಚೌಕದ ನೈಋತ್ಯ ಕಾಲಿನ ಈಶಾನ್ಯ ಕಾಲು’. ಕಾಲಿನಲ್ಲಿ ಕಾಲು! 640 ಎಕರೆಯಲ್ಲಿ ಕಾಲು 160, ಅದರಲ್ಲಿ ಕಾಲು 40 ಎಕರೆ.

ಪೂರ್ವದ ಹಳೆಯ ರಾಜ್ಯಗಳಲ್ಲಿ ಮಾತ್ರ ಈ ಚೌಕದಾಟವಿಲ್ಲ. ಅಲ್ಲಿನ ಹಳೇ ಪತ್ರಗಳು ‘ಓಕ್ ಮರದಿಂದ ಹೊರಟು ಕಲ್ಲಿನ ಗುಪ್ಪೆಯವರೆಗೆ, ಅಲ್ಲಿಂದ ತೊರೆಯ ಗುಂಟ’ ಅಂತ ಸಾಗುತ್ತವೆ. ಓದಿದರೆ ನಮ್ಮ ಕ್ರಯಪತ್ರದ ಚಕ್ಕುಬಂದಿಯೇ ನೆನಪಾಗುತ್ತದೆ. ನಮ್ಮ ಮನೆಯ ಒಂದು ಹಳೇ ಪತ್ರದಲ್ಲಿ ಪಶ್ಚಿಮದ ಗಡಿ ಒಂದು ಹುಣಸೇಮರ. ಮರ ಬಿದ್ದು ಎಷ್ಟೋ ವರ್ಷವಾಯಿತು, ಪತ್ರದಲ್ಲಿ ಇನ್ನೂ ನೆರಳು ಕೊಡುತ್ತ ನಿಂತಿದೆ!

ಜಾಗವಾಯಿತು. ಇನ್ನು ನೀರು. ಕೊಲೊರಾಡೊದಲ್ಲಿ ಸಣ್ಣ ಜಮೀನಿನ ಮನೆಗೆ ಎಷ್ಟೋ ಕಡೆ ‘ಮನೆಯೊಳಗಿನ ಬಳಕೆಗೆ ಮಾತ್ರ’ ಅನ್ನುವ ಬೋರ್‌ವೆಲ್ ಪರವಾನಗಿ ಸಿಗುತ್ತದೆ. ಆ ನೀರಿನಲ್ಲಿ ಸ್ನಾನ ಮಾಡಿ, ಅಡುಗೆ ಮಾಡಿ. ಹೊರಗಿನ ಗುಲಾಬಿ ಗಿಡಕ್ಕೆ ಒಂದು ಚೊಂಬು ಹಾಕುವಂತಿಲ್ಲ! ನಿಮ್ಮದೇ ಜಮೀನು, ನಿಮ್ಮದೇ ಬೋರು, ನಿಮ್ಮದೇ ಗುಲಾಬಿ.

ಹೋಗಲಿ, ಸೂರಿನ ಮಳೆನೀರು ಹಿಡಿದು ಹಾಕೋಣ ಅಂದಿರಾ? ಅದೇ ರಾಜ್ಯದಲ್ಲಿ ಸಾಮಾನ್ಯ ಮನೆಯವರು ಪೀಪಾಯಿಗೆ ಮಳೆನೀರು ಹಿಡಿಯುವುದು 2016ರವರೆಗೂ ಕಾನೂನಿಗೆ ವಿರುದ್ಧವಾಗಿತ್ತು! ಆ ವರ್ಷ ದೊಡ್ಡ ಮನಸ್ಸು ಮಾಡಿ ಎರಡು ಪೀಪಾಯಿಗೆ ಒಪ್ಪಿದರು. ಎರಡೂ ಸೇರಿ 110 ಗ್ಯಾಲನ್, ಸುಮಾರು 416 ಲೀಟರ್. ಆಕಾಶದಿಂದ ಬೀಳುವ ಹನಿಗೂ ಕೆಳಗಿನ ಊರಿನಲ್ಲಿ ಯಾರೋ ಹಕ್ಕುದಾರರಿದ್ದಾರೆ ಅನ್ನುವುದು ಅಲ್ಲಿನ ನ್ಯಾಯ. ಮಳೆಕೊಯ್ಲು ಮಾಡದಿದ್ದರೆ ದಂಡ ಹಾಕುವ ಬೆಂಗಳೂರಿನಲ್ಲಿ ಕೂತು ಇದನ್ನು ಓದುವಾಗ ನಗು ಬರದೆ ಇರುತ್ತದೆಯೇ?

ಪಾಯ ಎಷ್ಟು ಆಳ ತೆಗೆಯಬೇಕು? ನಮ್ಮ ಮೇಸ್ತ್ರಿ ‘ಗಟ್ಟಿ ನೆಲ ಸಿಗೋವರೆಗೆ’ ಅನ್ನುತ್ತಾರೆ. ಮಿನ್ನೆಸೋಟದಲ್ಲಿ ಅದನ್ನು ನಿರ್ಧರಿಸುವುದು ಚಳಿ! ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಮನೆಯನ್ನೇ ಎತ್ತಿ ಸೊಟ್ಟ ಮಾಡುತ್ತದೆ. ಅದಕ್ಕೆ ಹೆಪ್ಪು ಇಳಿಯುವ ಆಳಕ್ಕಿಂತ ಕೆಳಗೆ ಪಾಯ ಕೂರಬೇಕು. ರಾಜ್ಯದ ದಕ್ಷಿಣದಲ್ಲಿ 42 ಅಂಗುಲ, ಉತ್ತರದಲ್ಲಿ 60 ಅಂಗುಲ. ಅಂದರೆ ಐದಡಿ!

ಅಲಾಸ್ಕಾದ ಉತ್ತರದಲ್ಲಿ ಕಥೆ ತಲೆಕೆಳಗು. ಅಲ್ಲಿ ನೆಲ ಹೆಪ್ಪುಗಟ್ಟಿರುವುದೇ ಒಳ್ಳೆಯದು. ಮನೆಯ ಕಾವು ನೆಲಕ್ಕಿಳಿದರೆ ಹೆಪ್ಪು ಕರಗಿ ಮನೆ ಕುಸಿಯುತ್ತದೆ. ಅದಕ್ಕೆ ಕಂಬಗಳ ಮೇಲೆ ಮನೆ ಎತ್ತಿ, ಅಡಿಯಲ್ಲಿ ಕೊರೆಯುವ ಗಾಳಿ ಆಡಲು ಬಿಡುತ್ತಾರೆ. ನೆಲ ಬೆಚ್ಚಗಾಗಬಾರದು ಅಂತ ಇಷ್ಟೊಂದು ಪಾಡು!

ಪಾಯಕ್ಕೆ ಕಾಂಕ್ರೀಟ್ ಸುರಿಯುವ ಮೊದಲು ಇನ್‌ಸ್ಪೆಕ್ಟರ್ ಬಗ್ಗಿ ಒಂದು ಕಂಬಿಯನ್ನು ಹುಡುಕುತ್ತಾನೆ. ಕನಿಷ್ಠ 20 ಅಡಿ ಉದ್ದದ ಕಂಬಿ, ಅದಕ್ಕೆ ಕರೆಂಟಿನ ಅರ್ಥಿಂಗ್ ತಂತಿ ಸೇರಬೇಕು. ಹರ್ಬರ್ಟ್ ಯೂಫರ್ ಎಂಬ ಎಂಜಿನಿಯರ್ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅರಿಜೋನಾದ ಬಾಂಬ್ ಉಗ್ರಾಣಗಳಿಗೆ ಅರ್ಥಿಂಗ್ ಕೊಡಲು ಹೋಗಿ ತಲೆ ಕೆರೆದುಕೊಂಡರು. ಅಷ್ಟೊಂದು ಒಣ ನೆಲ! ಕೊನೆಗೆ ಪಾಯದ ಕಾಂಕ್ರೀಟೇ ತೇವ ಹಿಡಿದಿಟ್ಟುಕೊಂಡು ಒಳ್ಳೇ ಅರ್ಥಿಂಗ್ ಕೊಡುತ್ತದೆ ಅಂತ ಕಂಡುಕೊಂಡರು. ಬಾಂಬಿಗೆ ಮಾಡಿದ ಉಪಾಯ ಈಗ ಮಿಕ್ಸಿ, ಫ್ರಿಜ್ಜನ್ನು ಕಾಯುತ್ತಿದೆ!

ಅಯೋವಾದ ಮನೆಗಳಲ್ಲಿ ನೆಲದಡಿಯಿಂದ ಸೂರಿನ ಮೇಲಕ್ಕೆ ಒಂದು ಬೋಳು ಕೊಳವೆ ಹೋಗಿರುವುದನ್ನು ಕಾಣಬಹುದು. ಒಲೆಯಿಲ್ಲ, ಹೊಗೆಯಿಲ್ಲ, ಆದರೂ ಚಿಮಣಿ! ನೆಲದಿಂದ ಹೊಮ್ಮುವ ರೇಡಾನ್ ಎಂಬ ವಿಕಿರಣದ ಅನಿಲವನ್ನು ಹೊರಗೆ ಬಿಡಲು ಅದು. ಅಪಾಯ ಹೆಚ್ಚಿರುವ ಪಟ್ಟಿಯಲ್ಲಿ ಆ ರಾಜ್ಯದ 99 ಕೌಂಟಿಗಳೂ ಇವೆ, ಒಂದೂ ಬಿಟ್ಟಿಲ್ಲ.

ನೆರೆ ಬರುವ ಜಾಗದಲ್ಲಿ ಕಟ್ಟುತ್ತೀರಾ? ಹಾಗಾದರೆ ಗೋಡೆಗೆ ತೂತು ಬಿಡಿ! ಎತ್ತರಿಸಿದ ಮನೆಯ ಕೆಳಗಿನ ಮುಚ್ಚಿದ ಜಾಗಕ್ಕೆ ಚದರ ಅಡಿಗೆ ಒಂದು ಚದರ ಅಂಗುಲದಂತೆ ಕಿಂಡಿ ಇರಬೇಕು, ಕನಿಷ್ಠ ಎರಡು ಕಿಂಡಿ. ನೀರು ಒಳಗೂ ಹೊರಗೂ ಸಮನಾಗಿ ಏರಿದರೆ ಗೋಡೆ ಉಳಿಯುತ್ತದೆ. ತಡೆದು ನಿಲ್ಲಿಸಲು ಹೋದರೆ ಗೋಡೆಯೇ ಹೋಗುತ್ತದೆ. ನೀರನ್ನು ‘ಬಾ’ ಅಂತ ಕರೆಯುವುದೇ ರಕ್ಷಣೆ!

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಅಂತ ಅಲ್ಲಿನ ನಕ್ಷೆಗಳಲ್ಲಿ ಬರೆದಿರುತ್ತದೆ. ನೂರು ವರ್ಷ ತಾನೇ, ಮೊಮ್ಮಕ್ಕಳು ನೋಡಿಕೊಳ್ಳಲಿ ಅಂದುಕೊಂಡಿರೋ, ಕೆಟ್ಟಿರಿ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಂಭವ ಅಂತ. 30 ವರ್ಷದ ಗೃಹಸಾಲ ತೀರಿಸುವಷ್ಟರಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಂಭವ ನೂರಕ್ಕೆ 26!

ಮರ, ಪ್ರಾಣಿಗಳೂ ನಿಮ್ಮ ಅರ್ಜಿಯಲ್ಲಿ ಪಾಲುದಾರರು. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಜೋಶುವಾ ಅನ್ನುವ ಮರವಿದೆ. ಹೆಸರಿಗೆ ಮರ, ನಿಜಕ್ಕೆ ನಮ್ಮ ಬೇಲಿಯ ಕತ್ತಾಳೆಯ ನೆಂಟ! 2023ರಲ್ಲಿ ಅದರ ರಕ್ಷಣೆಗೇ ಒಂದು ಕಾಯ್ದೆ ಬಂತು. ನಿಮ್ಮ ನಿವೇಶನದಲ್ಲಿ ಅದು ಬೆಳೆದಿದ್ದರೆ ತೆಗೆಯಲು ಅನುಮತಿ ಬೇಕು, ಮರದ ಎತ್ತರ ನೋಡಿ ಶುಲ್ಕ. ಸತ್ತು ಒಣಗಿ ನಿಂತಿದ್ದರೂ ಅನುಮತಿ ಬೇಕು!

ಫ್ಲಾರಿಡಾದಲ್ಲಿ ಗೋಫರ್ ಆಮೆಯ ಬಿಲದಿಂದ 25 ಅಡಿಯೊಳಗೆ ಅಗೆಯುವಂತಿಲ್ಲ. ಅಗೆಯಲೇಬೇಕೆಂದರೆ ಮೊದಲು ಆಮೆಗೆ ಬೇರೆ ಮನೆ ಮಾಡಿಕೊಡಬೇಕು, ಅದಕ್ಕೂ ಪರವಾನಗಿ! ಇನ್ನೂ ಸೋಜಿಗ ಏನೆಂದರೆ, ಈ ಆಮೆಯ ಬಿಲಗಳನ್ನು 350ಕ್ಕೂ ಹೆಚ್ಚು ಬಗೆಯ ಜೀವಿಗಳು ಬಳಸಿಕೊಳ್ಳುತ್ತವೆ. ಹಾವು, ಕಪ್ಪೆ, ಹುಳಹುಪ್ಪಟೆ ಎಲ್ಲ ಬಾಡಿಗೆಯಿಲ್ಲದ ಒಕ್ಕಲು. ಪರವಾನಗಿ ಇಲ್ಲದೆ ಕಟ್ಟಿದ ವಠಾರ!

ನಿಮ್ಮ ಮನೆಯ ಹೊರಗಿನ ಬಲ್ಬಿಗೂ ಲೆಕ್ಕವಿದೆ. ಅರಿಜೋನಾದ ಕೊಕೊನಿನೊ ಕೌಂಟಿಯಲ್ಲಿ ಎಕರೆಗೆ ಇಷ್ಟೇ ಬೆಳಕು ಅಂತ ಮಿತಿ ಹಾಕಿದ್ದಾರೆ. ಯಾರಿಗಾಗಿ? ನಕ್ಷತ್ರ ನೋಡುವವರಿಗಾಗಿ! ಆ ಕೌಂಟಿಯ ಫ್ಲಾಗ್‌ಸ್ಟಾಫ್ ಪಟ್ಟಣದಲ್ಲಿ ಹೆಸರಾದ ವೀಕ್ಷಣಾಲಯವಿದೆ, ಪ್ಲೂಟೊ ಸಿಕ್ಕಿದ್ದು ಅಲ್ಲೇ, 1930ರಲ್ಲಿ. 2001ರಲ್ಲಿ ಜಗತ್ತಿನ ಮೊದಲ ‘ಕತ್ತಲಾಕಾಶದ ಊರು’ ಅನ್ನುವ ಬಿರುದೂ ಆ ಪಟ್ಟಣಕ್ಕೇ ಬಂತು.

ಇನ್ನು ಮನೆ ನಂಬರು. ನಮ್ಮಲ್ಲಿ 12ರ ಪಕ್ಕ 47 ಇರುತ್ತದೆ, ಪೋಸ್ಟ್‌ಮ್ಯಾನ್ ಬೆವರು ಒರೆಸಿಕೊಳ್ಳುತ್ತಾನೆ. ಅಲ್ಲಿನ ಎಷ್ಟೋ ಹಳ್ಳಿಗಾಡಿನ ಕೌಂಟಿಗಳಲ್ಲಿ ನಂಬರು ಅಂದರೆ ದೂರ! ಮೈಲಿಗೆ ಸಾವಿರ ನಂಬರು, ಅಂದರೆ ಐದು ಕಾಲಡಿಗೊಂದು. 4500ನೇ ಮನೆ ಅಂದರೆ ರಸ್ತೆ ಶುರುವಾದಲ್ಲಿಂದ ನಾಲ್ಕೂವರೆ ಮೈಲಿ. ಒಂದು ಬದಿ ಸಮ, ಇನ್ನೊಂದು ಬದಿ ಬೆಸ. ಆಂಬುಲೆನ್ಸಿನವನು ಮೈಲಿ ನೋಡಿಕೊಂಡೇ ಬಂದುಬಿಡುತ್ತಾನೆ, ‘ಅರಳಿಕಟ್ಟೆ ದಾಟಿ ಯಾರನ್ನಾದ್ರೂ ಕೇಳಿ’ ಅನ್ನುವ ಮಾತೇ ಇಲ್ಲ.

ಅಗ್ನಿಶಾಮಕ ವಾಹನಕ್ಕೂ ಒಂದು ಮರ್ಯಾದೆ ಇದೆ. ಕೌಂಟಿಗಳು ಬೇಕಿದ್ದರೆ ಅಳವಡಿಸಿಕೊಳ್ಳುವ ಮಾದರಿ ಅಗ್ನಿ ನಿಯಮದ ಪ್ರಕಾರ ದಾರಿ 20 ಅಡಿ ಅಗಲ, ಮೇಲೆ 13 ಅಡಿ 6 ಅಂಗುಲ ಖಾಲಿ. ದಾರಿ ಮುಂದೆ ಮುಚ್ಚಿಹೋಗಿದ್ದು 150 ಅಡಿಗಿಂತ ಉದ್ದವಿದ್ದರೆ ವಾಹನ ತಿರುಗಿಸಿಕೊಳ್ಳಲು ಜಾಗ. ಬೆಂಕಿ ಹೊತ್ತಿಕೊಂಡಾಗ ರಿವರ್ಸ್ ಗೇರಿನಲ್ಲಿ ಪರದಾಡಬಾರದಲ್ಲ!

ಮಲಗುವ ಕೋಣೆಯ ಕಿಟಕಿಯ ಲೆಕ್ಕ ಕೇಳಿದರೆ ನೀವು ಕಾಗದ ಪೆನ್ನು ತೆಗೆಯುತ್ತೀರಿ. ಮನೆಗಳ ಮಾದರಿ ನಿಯಮ ಹೀಗಿದೆ: ತೆರೆದಾಗ ಅಗಲ ಕನಿಷ್ಠ 20 ಅಂಗುಲ, ಎತ್ತರ ಕನಿಷ್ಠ 24 ಅಂಗುಲ. ಸರಿ, 20ಕ್ಕೆ 24ರ ಕಿಟಕಿ ಮಾಡಿಸಿದಿರಿ. ಫೇಲು! ಯಾಕೆಂದರೆ ಒಟ್ಟು ತೆರಪು ಮಹಡಿಯಲ್ಲಿ ಕನಿಷ್ಠ 5.7 ಚದರ ಅಡಿ ಇರಬೇಕು. ನಿಮ್ಮದು ಬರೀ 3.33. ಎರಡೂ ಕನಿಷ್ಠ ಪಾಲಿಸಿದರೂ ನಪಾಸು! ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕದವನು ಒಳಗೆ ತೂರಬೇಕಲ್ಲ.

ಮನೆಗಳ ಈ ಮಾದರಿ ನಿಯಮದ ಪುಸ್ತಕದ ಹೆಸರು ‘ಅಂತಾರಾಷ್ಟ್ರೀಯ ವಸತಿ ಸಂಹಿತೆ’. ಮೊದಲು ಬಂದದ್ದು 2000ದಲ್ಲಿ. ಹೆಸರು ಅಂತಾರಾಷ್ಟ್ರೀಯ, ಬಳಕೆ ಹೆಚ್ಚಾಗಿ ಅಮೆರಿಕದೊಳಗೇ!

ಅದರಲ್ಲಿ ಯಾವುದಕ್ಕೆ ಪರವಾನಗಿ ಬೇಡ ಅನ್ನುವ ಪಟ್ಟಿಯೇ ಒಂದು ಮನರಂಜನೆ. ಗೋಡೆಗೆ ಬಣ್ಣ ಬಳಿಯಲು ಬೇಡ. ಮಕ್ಕಳ ಉಯ್ಯಾಲೆಗೆ ಬೇಡ. ಉಯ್ಯಾಲೆಗೂ ವಿನಾಯಿತಿ ಅಂತ ಯಾರೋ ಕೂತು ಬರೆದಿದ್ದಾರೆ ಅಂದರೆ, ಅದಕ್ಕೂ ಬೇಕೇ ಅಂತ ಯಾರೋ ಕೇಳಿರಬೇಕು! 24 ಅಂಗುಲಕ್ಕಿಂತ ಕಡಿಮೆ ಆಳದ ಸಿದ್ಧ ಈಜುತೊಟ್ಟಿಗೆ ಬೇಡ. ನಾಲ್ಕಡಿಯೊಳಗಿನ ತಡೆಗೋಡೆಗೂ ಬೇಡ.

ನೆಲದ ಮೇಲೆ ಕೂರಿಸಿದ ನೀರಿನ ಟ್ಯಾಂಕಿಗೂ ಬೇಡ, 5,000 ಗ್ಯಾಲನ್ ಒಳಗಿದ್ದು, ಎತ್ತರ ಅದರ ಅಗಲದ ಎರಡು ಪಟ್ಟು ಮೀರದಿದ್ದರೆ. ಗಿಡ್ಡ ಟ್ಯಾಂಕಿಗೆ ಸ್ವಾತಂತ್ರ್ಯ, ಉದ್ದ ಟ್ಯಾಂಕಿಗೆ ಅರ್ಜಿ!

200 ಚದರ ಅಡಿಯೊಳಗಿನ ಒಂದಂತಸ್ತಿನ ಸಾಮಾನು ಶೆಡ್ಡಿಗೂ ಆ ಪುಸ್ತಕದಲ್ಲಿ ಪರವಾನಗಿ ಬೇಡ. ಹತ್ತಡಿಗೆ ಇಪ್ಪತ್ತಡಿ ಸರಿ. ಹತ್ತಡಿಗೆ ಇಪ್ಪತ್ತೊಂದು? ಬನ್ನಿ ಕಚೇರಿಗೆ!

ಕಷ್ಟಪಟ್ಟು ಪರವಾನಗಿ ಸಿಕ್ಕಿತು ಅನ್ನಿ. ಬೀರುವಿನಲ್ಲಿ ಭದ್ರವಾಗಿಟ್ಟಿರಾ? ತಪ್ಪು! ಆ ಕಾಗದ ಕಟ್ಟಡದ ಜಾಗದಲ್ಲೇ ಇರಬೇಕು. ಹೊಲದ ನಡುವೆ ಒಂದು ಗೂಟ, ಅದಕ್ಕೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಬಿಸಿಲಿಗೆ ಮಾಸಿದ ಚೀಟಿ. ಇನ್‌ಸ್ಪೆಕ್ಟರ್ ಬಂದಾಗೆಲ್ಲ ಅದರ ಮೇಲೆ ಒಂದೊಂದು ಸಹಿ. ಶಾಲೆಯ ಅಂಕಪಟ್ಟಿ ಇದ್ದಹಾಗೆ, ಆದರೆ ಓದುವ ಹುಡುಗ ಮನೆ!

180 ದಿನದೊಳಗೆ ಕೆಲಸ ಶುರುವಾಗದಿದ್ದರೆ ಮಾದರಿ ನಿಯಮದ ಪ್ರಕಾರ ಪರವಾನಗಿ ಸತ್ತುಹೋಗುತ್ತದೆ. ಒಳ್ಳೇ ಮುಹೂರ್ತಕ್ಕೆ ಕಾಯುವವರು ಹುಷಾರು!

ಇನ್‌ಸ್ಪೆಕ್ಟರ್ ನೋಡುವ ಮೊದಲೇ ಗೋಡೆ ಮುಚ್ಚಿಬಿಟ್ಟಿರಾ? ಪೈಪು, ತಂತಿ ನೋಡಬೇಕು, ಬಿಚ್ಚಿ ಅನ್ನುವ ಅಧಿಕಾರ ಅವನಿಗಿದೆ. ಇದು ಜಾಸ್ತಿಯಾಯಿತು ಅನಿಸಿದರೆ ಸುಮಾರು 3,750 ವರ್ಷ ಹಿಂದಿನ ಬಾಬಿಲೋನಿಗೆ ಹೋಗಿ ಬನ್ನಿ. ಹಮ್ಮುರಾಬಿಯ ಕಟ್ಟಳೆಯಲ್ಲಿ, ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ! ತಪಾಸಣೆಯೇ ಬೇಕಿರಲಿಲ್ಲ ಬಿಡಿ.

ಹಳ್ಳಿಗಾಡಿನಲ್ಲಿ ಕಾಣುವ ‘ಮೊಬೈಲ್ ಹೋಮ್’ ಎಂಬ ಕಾರ್ಖಾನೆ ಮನೆಗಳಿಗೆ ಕೌಂಟಿಯ ಕಟ್ಟಡ ನಿಯಮ ತಾಗುವುದೇ ಇಲ್ಲ. 1976ರ ಜೂನ್ 15ರಿಂದ ಅವುಗಳ ನಿರ್ಮಾಣಕ್ಕೆ ಕೇಂದ್ರ ಸರ್ಕಾರದ್ದೇ ನಿಯಮ. ಮನೆ ನೆಲಕ್ಕೆ ಕೂತು ಐವತ್ತು ವರ್ಷವಾದರೂ ಅಡಿಯಲ್ಲಿ ಲಾರಿಯಂತೆ ಉಕ್ಕಿನ ಚಾಸಿ ಇದ್ದೇ ಇರುತ್ತದೆ! ಕೌಂಟಿ ಕೇಳುವುದು ಎಲ್ಲಿ ಇಡುತ್ತೀರಿ, ಕೊಳಚೆ ಎಲ್ಲಿ ಬಿಡುತ್ತೀರಿ ಅಂತ.

ಕೊಳಚೆ ಅಂದಾಗ ನೆನಪಾಯಿತು. ಬಚ್ಚಲ ನೀರು ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಗೊತ್ತೇ? ಮಿನ್ನೆಸೋಟದ ಫಿಲ್‌ಮೋರ್ ಕೌಂಟಿಯಲ್ಲಿ ಆಮಿಷ್ ಪಂಥದ ಕೆಲವು ಕುಟುಂಬಗಳಿವೆ. ಆಧುನಿಕ ಸಲಕರಣೆಗಳಿಂದ ದೂರವಿರುವುದು ಅವರ ಧರ್ಮ. 2013ರಲ್ಲಿ ಕೌಂಟಿ ಒಂದು ನಿಯಮ ತಂದಿತು: ಪಾತ್ರೆ ತೊಳೆದ, ಬಟ್ಟೆ ಒಗೆದ ನೀರಿಗೂ ಸೆಪ್ಟಿಕ್ ವ್ಯವಸ್ಥೆ ಬೇಕು. ಅವರು ಒಪ್ಪಲಿಲ್ಲ. ‘ಗುಂಡಿ ತೋಡಿ ಮರದ ಚಕ್ಕೆ ತುಂಬುತ್ತೇವೆ, ನೀರು ಅದರಲ್ಲೇ ಸೋಸಿಹೋಗುತ್ತದೆ’ ಅಂದರು. ಕೌಂಟಿ ಒಪ್ಪಲಿಲ್ಲ.

ಕೋರ್ಟಿನಿಂದ ಕೋರ್ಟಿಗೆ ಹತ್ತಿ ಹತ್ತಿ, 2021ರ ಜುಲೈನಲ್ಲಿ ದೇಶದ ಸುಪ್ರೀಂ ಕೋರ್ಟ್ ಕೆಳಗಿನ ತೀರ್ಪನ್ನು ಬದಿಗಿಟ್ಟು ‘ಮತ್ತೆ ನೋಡಿ’ ಅಂತ ಕಳಿಸಿತು. 2023ರಲ್ಲಿ ಮಿನ್ನೆಸೋಟದ ಮೇಲ್ಮನವಿ ಕೋರ್ಟ್ ಆಮಿಷರ ಪರ ನಿಂತಿತು. ವಕೀಲರು, ಕಂತೆಗಟ್ಟಲೆ ಕಡತ, ರಾಜಧಾನಿಯ ಅಮೃತಶಿಲೆಯ ಕಂಬಗಳು, ಎಲ್ಲ ಒಂದು ಬಚ್ಚಲ ಗುಂಡಿಗಾಗಿ! ನಮ್ಮಲ್ಲಾದರೆ ಬಾಳೆಗಿಡದ ಬುಡಕ್ಕೆ ಬಿಟ್ಟು ಸುಮ್ಮನಾಗುತ್ತಿದ್ದರು.

ಪಟ್ಟಣ ಬಿಟ್ಟು ಹಳ್ಳಿಗೆ ಬರುವವರ ಗೊಣಗಾಟ ಕೇಳಿ ಕೇಳಿ ಸಾಕಾಗಿ, ಕೊಲೊರಾಡೊದ ಲ್ಯಾರಿಮರ್ ಕೌಂಟಿಯ ಕಮಿಷನರ್ ಜಾನ್ ಕ್ಲಾರ್ಕ್ 1990ರ ದಶಕದಲ್ಲಿ ಒಂದು ಎಚ್ಚರಿಕೆ ಪತ್ರವನ್ನೇ ಬರೆದರು. ದನವಿದ್ದರೆ ಸಗಣಿ, ಸಗಣಿಯಿದ್ದರೆ ವಾಸನೆ, ರಸ್ತೆಗೆ ಧೂಳು, ಆಂಬುಲೆನ್ಸ್ ತಡವಾದೀತು, ಹೀಗೆ. ಇದನ್ನು ನೋಡಿ ಎಷ್ಟೋ ಕೌಂಟಿಗಳು ‘ನಮಗೂ ಇರಲಿ’ ಅಂತ ನಕಲು ಮಾಡಿಕೊಂಡವು!

‘ಕೌಂಟಿ’ ಅನ್ನುವ ಮಾತು ಅಮೆರಿಕಕ್ಕೆ ಹೋದದ್ದು ಇಂಗ್ಲೆಂಡಿನಿಂದ. ಅಲ್ಲಿನ ಸರ್ರೆ ಕೌಂಟಿಯಲ್ಲಿ ಒಬ್ಬ ರೈತ ಪರವಾನಗಿ ಕೇಳದೆ ಒಂದು ಕೋಟೆಮನೆ ಕಟ್ಟಿದ, ಬುರುಜು ಸಮೇತ. ಕಾಣದಿರಲಿ ಅಂತ ಸುತ್ತಲೂ ಮುಗಿಲೆತ್ತರ ಹುಲ್ಲಿನ ಬಣವೆ! ನಾಲ್ಕು ವರ್ಷ ಯಾರೂ ತಕರಾರು ಮಾಡದಿದ್ದರೆ ಮನೆ ಉಳಿಯುತ್ತದೆ ಅನ್ನುವ ನಿಯಮವಿತ್ತು. ನಾಲ್ಕು ವರ್ಷ ಬಣವೆಯೊಳಗೇ ಸಂಸಾರ. 2006ರಲ್ಲಿ ಹುಲ್ಲು ಸರಿಸಿ ‘ಅಗೋ ನೋಡಿ’ ಅಂದ. ಕೋರ್ಟು ಏನಂದಿತು ಗೊತ್ತೇ? ಹುಲ್ಲು ತೆಗೆಯುವುದೂ ಕಟ್ಟಡದ ಕೆಲಸದ ಭಾಗವೇ, ಅದು ಮುಗಿದ ಮೇಲೆಯೇ ನಾಲ್ಕು ವರ್ಷದ ಎಣಿಕೆ! 2016ರಲ್ಲಿ ಕೋಟೆ ನೆಲಸಮವಾಯಿತು.

ಪಕ್ಕದ ವೇಲ್ಸ್‌ನಲ್ಲಿ ಹಳೆಯ ನಂಬಿಕೆಯೊಂದಿತ್ತು. ಊರಿನ ಗೋಮಾಳದಂಥ ಜಾಗದಲ್ಲಿ ಸೂರ್ಯ ಮುಳುಗಿದ ಮೇಲೆ ಶುರುಮಾಡಿ, ಹುಟ್ಟುವ ಮೊದಲು ಮನೆ ಎಬ್ಬಿಸಿ ಚಿಮಣಿಯಲ್ಲಿ ಹೊಗೆ ಕಾಣಿಸಿದರೆ ಮನೆ ನಿಮ್ಮದೇ! ‘ಒಂದಿರುಳ ಮನೆ’ ಅಂತಲೇ ಅದರ ಹೆಸರು. ದೂರದ ಟರ್ಕಿಯಲ್ಲೂ ಅನುಮತಿಯಿಲ್ಲದ ಮನೆಗೆ ‘ಗೆಜೆಕೊಂಡು’ ಅನ್ನುತ್ತಾರೆ. ಅರ್ಥ? ‘ರಾತ್ರಿ ಬಂದು ಕೂತದ್ದು’!

ಸ್ವೀಡನ್ನಿನಲ್ಲಿ 1979ರಲ್ಲಿ ಬಿರ್ಗಿಟ್ ಫ್ರಿಗ್ಗೆಬೊ ಎಂಬ ಮಂತ್ರಿ ಹಿತ್ತಲಿನ 10 ಚದರ ಮೀಟರಿನ ಗುಡಿಸಲಿಗೆ ಪರವಾನಗಿ ಬೇಡ ಅಂದರು. ಜನ ಸಂತೋಷಪಟ್ಟು ಆ ಗುಡಿಸಲಿಗೆ ಅವರ ಹೆಸರನ್ನೇ ಇಟ್ಟರು: ‘ಫ್ರಿಗ್ಗೆಬುಡ್’. 2014ರಲ್ಲಿ ಅಟ್ಟೆಫಾಲ್ ಎಂಬ ಮಂತ್ರಿ 25 ಚದರ ಮೀಟರಿನ ಮನೆಗೆ ಪರವಾನಗಿ ಬೇಡ, ಒಂದು ಸೂಚನೆ ಕೊಟ್ಟರೆ ಸಾಕು ಅಂದರು. ಅದು ‘ಅಟ್ಟೆಫಾಲ್ ಮನೆ’! ನಮ್ಮ ಮಂತ್ರಿಗಳ ಹೆಸರು ಬಡಾವಣೆಗೆ, ವೃತ್ತಕ್ಕೆ ಬಂದಿದೆ, ಹಿತ್ತಲ ಶೆಡ್ಡಿಗೆ ಬಂದದ್ದು ನಾನಂತೂ ಕಾಣೆ.

ಕೊನೆಗೊಂದು. ಆ ‘ಅಂತಾರಾಷ್ಟ್ರೀಯ’ ಪುಸ್ತಕದ 2021ರ ಆವೃತ್ತಿಯ ಅನುಬಂಧದಲ್ಲಿ ಒಂದು ಹೊಸ ಬಗೆಯ ಗೋಡೆ ಸೇರಿಕೊಂಡಿತು. ಎಷ್ಟು ದಪ್ಪ, ಎಷ್ಟು ಎತ್ತರ, ಎಲ್ಲಕ್ಕೂ ನಿಯಮ. ಒಪ್ಪಿಕೊಂಡ ಕೌಂಟಿಯಲ್ಲಿ ಧೈರ್ಯವಾಗಿ ಅರ್ಜಿ ಹಾಕಬಹುದು. ಯಾವ ಗೋಡೆ ಅಂತೀರಾ? ಜೇಡಿಮಣ್ಣು, ಮರಳು, ಒಣಹುಲ್ಲು ಕಲಸಿ, ಮುದ್ದೆ ಮುದ್ದೆಯಾಗಿ ಒಂದರ ಮೇಲೊಂದು ಇಟ್ಟು ಮೆತ್ತಿದ್ದು. ನಮ್ಮಜ್ಜಿಯ ಮನೆಯ ಗೋಡೆ! ಅಜ್ಜಿ ಅದಕ್ಕೆ ಪ್ರತಿ ಹಬ್ಬಕ್ಕೂ ಸುಣ್ಣ ಬಳಿಸುತ್ತಿದ್ದರು, ಕಾಲು ಒರಗಿಸಿದರೆ ಬೈಯುತ್ತಿದ್ದರು.